ತುದಿ ಸಿಗಲಿಲ್ಲ, ದುಡ್ಡು ಉಳಿಯಿತು

ನಾನು ಷೇರು ಮಾರಲು ಶುರುಮಾಡಿದ್ದು 2021ರ ಜೂನ್–ಜುಲೈ ಹೊತ್ತಿಗೆ. ಅಮೆರಿಕದ ಷೇರು ಸೂಚ್ಯಂಕ ನಾಸ್ಡಾಕ್ ತುದಿ ಮುಟ್ಟಿದ್ದು ನವೆಂಬರ್‌ನಲ್ಲಿ, 16,000ದ ಆಸುಪಾಸು. ನಡುವಿನ ನಾಲ್ಕೈದು ತಿಂಗಳು ಗೆಳೆಯರ ಗುಂಪಿನಲ್ಲಿ ನಗೆಪಾಟಲಾದವನು ನಾನೇ. 'ಬಸ್ಸು ಈಗ ಹೊರಟಿದೆ, ಆಗಲೇ ಇಳಿದುಬಿಟ್ಟೆಯಲ್ಲೋ' ಅಂತ ಒಬ್ಬ ದಿನಾ ಕಾಲೆಳೆಯುತ್ತಿದ್ದ. ಮುಂದಿನ ವರ್ಷದ ಕೊನೆಗೆ ಸೂಚ್ಯಂಕದ ಮೂರನೇ ಒಂದು ಭಾಗಕ್ಕೂ ಹೆಚ್ಚು ಕರಗಿತ್ತು. ಲಾಭದ ಮುಖವನ್ನೇ ಕಾಣದ ಕಂಪನಿಗಳಲ್ಲಿ ಅವನು ಹಾಕಿದ್ದ ಹಣದ ಮುಕ್ಕಾಲು ಪಾಲು ಹೋಗಿತ್ತು. ಈಗ ಅವನೇ 'ಹೇಗೆ ಮಾಡಿದೆ, ಬರಿ' ಅನ್ನುತ್ತಾನೆ.

ದುಬಾರಿ ಫೀಸು ಕಟ್ಟಿ ಕಲಿತ ವಿದ್ಯೆ ಇದು. 2000ದ ಮಾರ್ಚ್ 10ರಂದು ನಾಸ್ಡಾಕ್ 5,048ರಲ್ಲಿ ಮುಗಿದಾಗ ನನ್ನ ಹಣ ಹೆಚ್ಚುಕಡಿಮೆ ಆರು ಪಟ್ಟಾಗಿತ್ತು. ಮೊದಲ ಇಳಿತಕ್ಕೆ ಎದೆ ಝಲ್ಲೆಂದಿತು. ಆದರೆ 24ನೇ ತಾರೀಖಿಗೆ ಮತ್ತೆ 4,963! ಹಳೆಯ ತುದಿ ದಾಟಲಿ, ಆಮೇಲೆ ಮಾರೋಣ ಅಂತ ಕೂತೆ. ದಾಟಲೇ ಇಲ್ಲ. ಏಪ್ರಿಲ್‌ನ ಒಂದೇ ವಾರದಲ್ಲಿ ಸೂಚ್ಯಂಕ ಶೇ 25 ಬಿತ್ತು. ಮಾರುವ ಬೆಲೆಯನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿದ್ದೆ. ಅದನ್ನು ಹೊಡೆದುಹಾಕಿ ಕೆಳಗೊಂದು, ಅದನ್ನೂ ಹೊಡೆದು ಅದರ ಕೆಳಗೊಂದು ಬರೆಯುತ್ತ ಹೋದೆ. ಚೀಟಿ ತುಂಬಿದಾಗ ಕೈಯಲ್ಲಿದ್ದದ್ದು ಅಸಲು, ಅದರ ಮೇಲೆ ಕಾಲು ಪಾಲು.

ಸುಟ್ಟುಕೊಂಡವನು ಮುಂದೆ ಪಿಇ (ಷೇರಿನ ಬೆಲೆ ಅದರ ವರ್ಷದ ಗಳಿಕೆಯ ಎಷ್ಟು ಪಟ್ಟು ಅನ್ನುವ ಲೆಕ್ಕ) ನೋಡಿ ನೋಡಿ ಬೇಗ ಬೇಗ ಮಾರತೊಡಗಿದೆ. ಅದೂ ದಂಡವೇ. ಅಮೆರಿಕದ ಕೇಂದ್ರ ಬ್ಯಾಂಕಿನ ಅಂದಿನ ಮುಖ್ಯಸ್ಥ ಗ್ರೀನ್‌ಸ್ಪ್ಯಾನ್ 1996ರ ಡಿಸೆಂಬರ್‌ನಲ್ಲೇ ಮಾರುಕಟ್ಟೆಯ ಅತಿಹುರುಪಿನ ಬಗ್ಗೆ ಎಚ್ಚರಿಸಿದ್ದರು, ಆಗ ನಾಸ್ಡಾಕ್ ಸುಮಾರು 1,300. 2002ರ ಅಕ್ಟೋಬರ್‌ನಲ್ಲಿ ಅದು 1,114ಕ್ಕೆ ಇಳಿಯಿತು ನಿಜ, ಆದರೆ ನಡುವೆ ಸುಮಾರು ನಾಲ್ಕು ಪಟ್ಟಾಗಿತ್ತು! ಪಕ್ಕದವನು ಶ್ರೀಮಂತನಾಗುವುದನ್ನು ವರ್ಷಗಟ್ಟಲೆ ನೋಡುತ್ತ ಕೂರುವ ಗುಂಡಿಗೆ ನನಗಿಲ್ಲ.

ಈಗ ನಾನು ಮಾಡುವುದು ಇಷ್ಟೇ. ಷೇರು ಎರಡು ಪಟ್ಟಾದಾಗ ಕಾಲು ಭಾಗ, ಮೂರು ಪಟ್ಟಾದಾಗ ಇನ್ನೊಂದು ಕಾಲು ಭಾಗ ಮಾರುತ್ತೇನೆ. ಉಳಿದರ್ಧಕ್ಕೆ ಗುರಿ ಬೆಲೆಯೇ ಇಲ್ಲ, ಏರುವಷ್ಟು ಏರಲಿ. ವಾರದ ಕ್ಲೋಸಿಂಗ್ (ವಾರದ ವಹಿವಾಟು ಮುಗಿದಾಗಿನ ಬೆಲೆ) ತನ್ನ ಗರಿಷ್ಠ ಮಟ್ಟದಿಂದ ಶೇ 20 ಕೆಳಗಿಳಿದರೆ ಸೋಮವಾರ ಬೆಳಿಗ್ಗೆ ಎಲ್ಲವನ್ನೂ ಮಾರುತ್ತೇನೆ. ಚಂಚಲ ಷೇರುಗಳಿಗೆ ಶೇ 28–30. ಯಾವುದಕ್ಕೆ ಎಷ್ಟು ಅನ್ನುವುದನ್ನು ಅವುಗಳ ಹಳೆಯ ಇಳಿತಗಳಿಂದ ತೆಗೆಯುತ್ತೇನೆ. ಆ ಲೆಕ್ಕ ಮಾತ್ರ ನನ್ನಲ್ಲೇ ಇರಲಿ.

ದಿನದ ಬೆಲೆಗೆ ಸ್ಟಾಪ್ ಲಾಸ್ (ಬೆಲೆ ಇಷ್ಟಕ್ಕಿಳಿದರೆ ತಾನಾಗಿ ಮಾರಿಬಿಡು ಅನ್ನುವ ಆದೇಶ) ಹಾಕಿ ನೋಡಿದ್ದೆ. ಮಧ್ಯಾಹ್ನ ಒಂದು ಜೋಲಿ ಹೊಡೆದು ನನ್ನ ಷೇರು ಕಿತ್ತುಕೊಂಡು, ಸಂಜೆ ಬೆಲೆ ಮತ್ತೆ ಮೇಲೆ. ಹೀಗೆ ಐದಾರು ಸಲ. ಅಲ್ಲದೆ 1987ರ ಅಕ್ಟೋಬರ್ 19ರಂಥ ದಿನ ಬಂದರೆ (ಅಮೆರಿಕದ ಇನ್ನೊಂದು ಸೂಚ್ಯಂಕ ಡೌ ಒಂದೇ ದಿನ ಶೇ 22.6 ಬಿದ್ದಿತ್ತು) ನೀವು ಹಾಕಿದ ಬೆಲೆ ಎಲ್ಲಿ, ಕೈಗೆ ಸಿಗುವ ಬೆಲೆ ಎಲ್ಲಿ! ಏರುವಾಗಲೇ ಮಾರಿದ ಆ ಎರಡು ಕಾಲು ಭಾಗಗಳೇ ನಿಜವಾದ ಆಸರೆ. ಆ ದುಡ್ಡನ್ನು ಬೇರೆ ಖಾತೆಗೆ ಹಾಕಿಬಿಡಬೇಕು. 2007ರಲ್ಲಿ ಚೆನ್ನಾಗಿಯೇ ಮಾರಿದವನು ಅದೇ ಹಣದಲ್ಲಿ ಇನ್ನೂ ಉಬ್ಬಿದ ಷೇರು ಕೊಂಡೆ. ಬಾಣಲೆಯಿಂದ ಬೆಂಕಿಗೆ.

ನಡುವೆ ಪುಟ್ ಆಪ್ಷನ್ (ಬೆಲೆ ಬಿದ್ದರೂ ಗೊತ್ತುಮಾಡಿದ ಬೆಲೆಗೆ ಮಾರುವ ಹಕ್ಕು, ಒಂಥರಾ ವಿಮೆ) ಹುಚ್ಚೂ ಹಿಡಿದಿತ್ತು. ಅದಕ್ಕೆ ಕಟ್ಟಿದ ಒಂದೂವರೆ ವರ್ಷದ ಪ್ರೀಮಿಯಂ ನನ್ನ ಒಟ್ಟು ಹೂಡಿಕೆಯ ಶೇ 9ರಷ್ಟನ್ನು ತಿಂದಿತು. ಬೇಸತ್ತು ನಿಲ್ಲಿಸಿದ ಎರಡೇ ವಾರಕ್ಕೆ ಮಾರುಕಟ್ಟೆ ಬಿತ್ತು. ತುದಿ ಹತ್ತಿರ ಬಂತೇ ಎಂದು ತಿಳಿಯಲು ಇನ್ನೊಂದು ಆಟ: ಕೇಳದೇ ಬಂದು ಷೇರು ಹೆಸರು ಹೇಳುವವರನ್ನು ಡೈರಿಯಲ್ಲಿ ಎಣಿಸುವುದು. ತಿಂಗಳಿಗೆ ಒಬ್ಬಿಬ್ಬರಿದ್ದವರು ಹನ್ನೊಂದಾದರು, ಭಾವಮೈದನೂ ಸೇರಿ. ಆದರೆ ಬೀಳಲು ಇನ್ನೂ ಎಂಟು ತಿಂಗಳಿತ್ತು. ಮಾರಲು ಉಪಯೋಗವಿಲ್ಲ, ಆದರೂ ಬರೆಯುತ್ತೇನೆ.

2021ರ ಒಂದು ಷೇರಿನ ಲೆಕ್ಕ: ಹಾಕಿದ್ದು 100 ಅಂದುಕೊಳ್ಳಿ. ಎರಡು ಕಾಲು ಭಾಗಗಳಿಂದ 50 ಮತ್ತು 75 ಬಂತು. ಬೆಲೆ 4.6 ಪಟ್ಟಿನವರೆಗೆ ಹೋಗಿ ತಿರುಗಿತು. ಉಳಿದರ್ಧ 3.6 ಪಟ್ಟಿಗೆ ಮಾರಾಟವಾಗಿ 180, ಒಟ್ಟು 305. ತುದಿಯಲ್ಲೇ ಮಾರಿದ್ದರೆ 460, ಹಾಗೇ ಕೂತಿದ್ದರೆ ವರ್ಷದ ನಂತರ 130.

ಕೊನೆಯ ಅರ್ಧ ಮಾರಿದ ಸೋಮವಾರ ಮಧ್ಯಾಹ್ನದೊಳಗೆ ಬೆಲೆ ಶೇ 4 ಮೇಲೆ ಹೋಯಿತು. ಗೆಳೆಯನ ಸಂದೇಶ ಬಂತು, ಬರೀ ನಗುವ ಮುಖ. ಫೋನ್ ಬೋರಲು ಹಾಕಿ ಊಟಕ್ಕೆ ಕೂತೆ.