ಹಳೇ ಲಗ್ನಪತ್ರಿಕೆ ಹಿಡಿದು ಹುಬ್ಬಳ್ಳಿಯ ಸೆಳೆತ ಅಳೆದದ್ದು: ನನ್ನ ಅನುಭವ

ನನ್ನ ಎಂ.ಪ್ಲಾನ್ (ನಗರ ಯೋಜನೆಯ ಸ್ನಾತಕೋತ್ತರ ಪದವಿ) ಥೀಸಿಸ್ಸಿನ ಪ್ರಶ್ನೆ ಒಂದೇ. ಸುತ್ತಲಿನ ಹಳ್ಳಿಯ ಜನ ಕೆಲಸಕಾರ್ಯಕ್ಕೆ ಒಂದು ಪೇಟೆಯತ್ತ ಹೋಗುವುದೇ ಆ ಪೇಟೆಯ ಸೆಳೆತ. ಹುಬ್ಬಳ್ಳಿಯ ಸೆಳೆತ ಎಲ್ಲಿಗೆ ಮುಗಿಯುತ್ತದೆ, ಗದಗಿನ ಸೆಳೆತ ಎಲ್ಲಿಂದ ಶುರುವಾಗುತ್ತದೆ? ಉತ್ತರ ಸಿಕ್ಕಿದ್ದು ಲಗ್ನಪತ್ರಿಕೆಗಳಲ್ಲಿ. ಜ್ಯೂರಿ, ಅಂದರೆ ಥೀಸಿಸ್ ಪರೀಕ್ಷಕರ ತಂಡ, ಒಪ್ಪುವವರೆಗೆ ಬ್ಯಾಚಿನಲ್ಲಿ ಒಬ್ಬರೂ ನಂಬಿರಲಿಲ್ಲ. "ಸ್ಯಾಂಪ್ಲಿಂಗ್ ಎಲ್ಲಿದೆ?" ಎಂದು ಗೈಡ್ ಮೂರು ರಿವ್ಯೂಗಳಲ್ಲೂ ಕೇಳಿದರು. ಈಗ ಜೂನಿಯರ್‌ಗಳು ಫೋನ್ ಮಾಡಿ ಹೇಗೆ ಮಾಡಿದಿರಿ ಎನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದ ಕತೆ. ಎಲ್ಲರಂತೆ ನಾನೂ ಮನೆಮನೆ ಸರ್ವೆಗೇ ಹೊರಟೆ. ನಾಲ್ಕು ಜನ ಡಿಗ್ರಿ ಹುಡುಗರು, ಫಾರ್ಮಿಗೆ 25 ರೂಪಾಯಿ, ಊಟ ಮತ್ತು ಬಸ್ ಚಾರ್ಜು ಬೇರೆ. ಹುಬ್ಬಳ್ಳಿ-ಗದಗ ನಡುವಿನ ಅಣ್ಣಿಗೇರಿ ಕಡೆಯ ಒಂದು ಹಳ್ಳಿಯಲ್ಲಿ ಕಟ್ಟೆಯ ಮೇಲೆ ನಕ್ಷೆ ಬಿಚ್ಚಿದೆವು. ಅದೇ ತಪ್ಪಾಯಿತು.

"ಹೊಲ ತಗೊಳ್ಳಾಕ ಬಂದೀರೇನು?"

"ಇಲ್ರಿ ಅಜ್ಜಾರ, ಕಾಲೇಜಿನ ಕೆಲಸಕ್ಕ ಬಂದೇವ್ರಿ."

ಯಾರು ನಂಬುತ್ತಾರೆ? ಸಂಜೆಯೊಳಗೆ ಪಕ್ಕದ ಊರಿಗೂ ಸುದ್ದಿ ಮುಟ್ಟಿತ್ತು. ಎಲ್ಲಿಗೆ ಹೋಗುತ್ತೀರಿ, ಏನು ಕೊಳ್ಳುತ್ತೀರಿ ಎಂದು ಕೇಳಿದರೆ "ನಾವು ಎಲ್ಲೂ ಹೋಗೂದಿಲ್ರಿ" ಎಂಬ ಒಂದೇ ಉತ್ತರ. ಸುಮಾರು 14 ಸಾವಿರ ಹೋಯಿತು. ಕೈಯಲ್ಲಿ ಉಳಿದದ್ದು ಎಪ್ಪತ್ತು ಚಿಲ್ಲರೆ ಫಾರ್ಮು, ಅದರಲ್ಲೂ ಅರ್ಧ ಖಾಲಿ. ಆಮೇಲೆ ಹುಬ್ಬಳ್ಳಿ ಹಳೇ ಬಸ್ ನಿಲ್ದಾಣದಲ್ಲಿ ಆರು ದಿನ ನಿಂತು ಬಸ್ ಎಣಿಸಿದೆ. ಬೋರ್ಡಿನಲ್ಲಿ ಕೊನೆಯ ಊರು ಮಾತ್ರ ಇರುತ್ತದೆ. ಜನ ಎಲ್ಲಿ ಇಳಿದರು ಎಂಬುದು ಗೊತ್ತಾಗುವುದಿಲ್ಲ. ಅದೂ ಬಿಟ್ಟೆ.

ಕುಂದಗೋಳ ತಾಲೂಕಿನಲ್ಲಿ ನಮ್ಮ ಅತ್ತೆಯ ಮನೆ. ಅಡುಗೆಮನೆ ಬಾಗಿಲ ಹಿಂದೆ ತಂತಿಗೆ ಚುಚ್ಚಿದ ಲಗ್ನಪತ್ರಿಕೆಗಳು ಗೇಣೆತ್ತರ ಇದ್ದವು. ಸುಮ್ನೆ ತೆಗೆದು ನೋಡುತ್ತಾ ಕುಳಿತೆ. ವರನ ಊರು, ವಧುವಿನ ಊರು, ತಾಲೂಕು, ಜಿಲ್ಲೆ, ಕಲ್ಯಾಣ ಮಂಟಪ ಇರುವ ಊರು, ತಾರೀಖು ಎಲ್ಲ ಅಲ್ಲೇ ಇದೆ. ತಳದಲ್ಲಿ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು, ಅದರ ಊರು. ಎಲ್ಲಕ್ಕಿಂತ ದೊಡ್ಡದು "ಹಾ.ವ." ಎಂಬ ಎರಡಕ್ಷರ. ಸಾ. ಕುಂದಗೋಳ, ಹಾ.ವ. ಹುಬ್ಬಳ್ಳಿ. ಅಂದರೆ ಊರು ಕುಂದಗೋಳ, ಹಾಲಿ ವಸ್ತಿ ಹುಬ್ಬಳ್ಳಿ. ಯಾವ ಊರಿನವರು ಎಲ್ಲಿ ಹೋಗಿ ನೆಲೆಸಿದರು ಎಂಬುದನ್ನು ಜನ ತಾವೇ ಅಚ್ಚು ಹಾಕಿಸಿ ಹಂಚಿದ್ದಾರೆ! "ತಮ್ಮಾ, ರದ್ದಿಗೆ ಹಾಕೂದು ಇಟ್ಟೇನಿ, ಬೇಕಂದ್ರ ಒಯ್ಯಿ" ಎಂದರು ಅತ್ತೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾಲ್ಕು ತಿಂಗಳಲ್ಲಿ ಸುಮಾರು 2,300 ಪತ್ರಿಕೆ ಕಂಡೆ. ಹೆಸರಿನ ಮೇಲೆ ಕಾಗದದ ಪಟ್ಟಿ ಇಟ್ಟು ಫೋಟೊ ತೆಗೆದೆ, ಊರುಗಳನ್ನು ಮಾತ್ರ ಎಕ್ಸೆಲ್‌ಗೆ ಹಾಕಿದೆ. ಹೆಸರು ನಮಗೆ ಬೇಡ, ಇಟ್ಟುಕೊಳ್ಳಲೂಬಾರದು. ಮನೆಗಳಿಗಿಂತ ಜಾಸ್ತಿ ಸಿಕ್ಕಿದ್ದು ಪ್ರೆಸ್ಸುಗಳಲ್ಲಿ. ಅಚ್ಚಾದ ಪ್ರತಿ ಮಾದರಿಯ ಒಂದು ಪ್ರತಿಯನ್ನು ಅವರು ಫೈಲಿನಲ್ಲಿ ಇಡುತ್ತಾರೆ. ಪ್ರೆಸ್ಸಿನ ಮಾಲಕರು ಆ ಫೈಲು ತೆರೆಯುವಂತೆ ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಮುಂದಿನ ಕೆಲಸಕ್ಕೆ ಬೇಕು.

ದೊಡ್ಡ ಪೆಟ್ಟು ಬಿದ್ದಿದ್ದು ನಕಲುಗಳಿಂದ. ಒಂದೇ ಮದುವೆಯ ಪತ್ರಿಕೆ ಐದು ಮನೆಗಳಲ್ಲಿ ಇರುತ್ತದೆ ಅಲ್ವಾ? ಮನೆಯವರ ಊರಿನಿಂದ ಮಂಟಪದ ಊರಿಗೆ, ಹಾ.ವ. ಊರಿಗೆ, ಪ್ರೆಸ್ಸಿನ ಊರಿಗೆ ನಕ್ಷೆಯಲ್ಲಿ ಗೆರೆ ಎಳೆದೆ, ಪತ್ರಿಕೆ ಹೆಚ್ಚಿದಷ್ಟೂ ಗೆರೆ ದಪ್ಪ. ಮೊದಲ ನಕ್ಷೆಯಲ್ಲಿ ಒಂದು ಸಣ್ಣ ಹಳ್ಳಿಯಿಂದ ಹುಬ್ಬಳ್ಳಿಗೆ ಹಗ್ಗದಷ್ಟು ದಪ್ಪ ಗೆರೆ ಬಂತು. ನೋಡಿದರೆ ಒಬ್ಬರೇ ಗೌಡರ ಮನೆಯ ಮದುವೆ. ಆಮೇಲೆ ತಾರೀಖು, ಮಂಟಪ, ಇಬ್ಬರ ಊರು, ಈ ಮೂರನ್ನು ಸೇರಿಸಿ ಒಂದು ಗುರುತು ಮಾಡಿ ಸೋಸಿದೆ. 1,600ರ ಹತ್ತಿರ ಉಳಿದವು. ಊರಿನ ಹೆಸರುಗಳದೂ ಕಾಟ. ಹುಲಕೋಟಿ, ಹುಲ್ಕೋಟಿ ಎರಡೂ ಬರುತ್ತವೆ. ಜನಗಣತಿಯ ಗ್ರಾಮ ಕೋಡ್ ಕೊಟ್ಟ ಮೇಲೆಯೇ ಕ್ಯೂಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರ್ ಸರಿಯಾಗಿ ಗೆರೆ ಎಳೆಯಿತು. ಇಸವಿ ಹರಿದುಹೋದ ಪತ್ರಿಕೆಗಳಿಗೆ ಜಿಲ್ಲೆ ನೋಡಿದೆ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಶಿಗ್ಗಾಂವಿಗೆ "ಜಿ. ಧಾರವಾಡ" ಎಂದಿದ್ದರೆ ಹೆಚ್ಚುಕಡಿಮೆ ಅದಕ್ಕೂ ಹಿಂದಿನದು. ಹಳೇ ಚಾಳಿಯಲ್ಲಿ ಆಮೇಲೂ ಹಾಗೇ ಅಚ್ಚು ಹಾಕಿಸಿದವರು ಇದ್ದಾರೆ, ಅದಕ್ಕೆ ಸಂವತ್ಸರದ ಹೆಸರನ್ನೂ ತಾಳೆ ನೋಡಿದೆ.

ಇನ್ನು ಫಲ. ಎರಡು ಊರುಗಳ ಜನಸಂಖ್ಯೆ ಮತ್ತು ನಡುವಿನ ದೂರದಿಂದ ಅವುಗಳ ಸೆಳೆತದ ಗಡಿ ಲೆಕ್ಕ ಹಾಕುವ ರೈಲಿ ಸೂತ್ರಕ್ಕೆ 2011ರ ಜನಸಂಖ್ಯೆ ಹಾಕಿ. ಹುಬ್ಬಳ್ಳಿ-ಧಾರವಾಡ 9.43 ಲಕ್ಷ, ಗದಗ-ಬೆಟಗೇರಿ 1.72 ಲಕ್ಷ, ನಡುವೆ 58 ಕಿಲೋಮೀಟರಿನಷ್ಟು ದಾರಿ. ಗಡಿ ಗದಗಿನಿಂದ 17 ಕಿಲೋಮೀಟರಿಗೆ ಬೀಳುತ್ತದೆ. ಅಣ್ಣಿಗೇರಿ ಪೂರ್ತಿ ಹುಬ್ಬಳ್ಳಿಯ ಪಾಲು. ಮಂಟಪದ ಗೆರೆಗಳೂ ಹಾ.ವ. ಗೆರೆಗಳೂ ಅದನ್ನೇ ಹೇಳಿದವು. ಆದರೆ ಪ್ರೆಸ್ಸಿನ ಗೆರೆಗಳು ಉಲ್ಟಾ ತಿರುಗಿ ಗದಗಿಗೆ ಹೋದವು. ಗದಗು ಮುದ್ರಣದ ಊರು, ಗೊತ್ತಲ್ಲ. ಅಂದರೆ ಒಂದು ಊರಿಗೆ ಒಂದೇ ಗಡಿ ಇಲ್ಲ, ಕೆಲಸಕ್ಕೊಂದು ಗಡಿ ಇದೆ. ಸೂತ್ರ ಇದನ್ನು ಯಾವತ್ತೂ ತೋರಿಸುವುದಿಲ್ಲ. ಜ್ಯೂರಿಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಈ ಶೀಟಿನ ಮುಂದೆಯೇ ಇಪ್ಪತ್ತು ನಿಮಿಷ ನಿಂತರು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ಬಿಲ್ ಬುಕ್ ನೋಡೋಣ ಎಂದು ಹೋದೆ. ನಾನು ನೋಡಿದ ಬಿಲ್ಲುಗಳಲ್ಲಿ ಊರೇ ಇರಲಿಲ್ಲ. ಆದರೆ ಜವಳಿ ತರಲು ಬಂದ ಕ್ರೂಸರ್‌ಗಳ ಡ್ರೈವರ್‌ಗಳು ಇದ್ದರಲ್ಲ, ಅವರು ಮಧ್ಯಾಹ್ನವೆಲ್ಲ ಖಾಲಿ ಕೂತಿರುತ್ತಾರೆ. ಒಂದು ಚಹಾಕ್ಕೆ ಯಾವ ಊರು, ಎಷ್ಟು ಜನ, ಪಾತ್ರೆ ಎಲ್ಲಿ ಕೊಳ್ಳುತ್ತಾರೆ, ಬಂಗಾರ ಎಲ್ಲಿ, ಎಲ್ಲ ಹೇಳಿದರು. ಮೂರು ಭಾನುವಾರದಲ್ಲಿ ಎಂಬತ್ತು ಗಾಡಿ ಸಿಕ್ಕವು. ಫಾರ್ಮು ಹಿಡಿದು ಹೋಗಬೇಡಿ, ನೆನಪಿಟ್ಟುಕೊಂಡು ಬಂದು ಬರೆಯಿರಿ.

ಒಂದು ಕೊರತೆ ನಿಜ. ಸಾಮೂಹಿಕ ವಿವಾಹದಲ್ಲಿ ಮದುವೆಯಾದ ಬಡವರ ಮನೆಯ ಪತ್ರಿಕೆ ಸಿಗುವುದು ಕಡಿಮೆ. ಇದನ್ನು ಗೈಡ್ ಹಿಡಿದರು, ಸರಿಯಾಗಿಯೇ ಹಿಡಿದರು. ಆ ಮದುವೆಗಳ ಪಟ್ಟಿಗಳನ್ನು ಆಮೇಲೆ ಸೇರಿಸಿದೆ, ಆದರೂ ಅವು ಸಾಲವು.

ಲಗ್ನಪತ್ರಿಕೆಯ ಕೆಲಸಕ್ಕೆ ಒಟ್ಟು ಖರ್ಚು 6 ಸಾವಿರದೊಳಗೆ. ಪೆಟ್ರೋಲು, ಚಹಾ, ಪ್ರಿಂಟು. ಈಗ ಹಾವೇರಿ ಕಡೆ ಶುರು ಮಾಡಿದ್ದೇನೆ. ರಾಣೇಬೆನ್ನೂರಿನ ಮೊದಲ ಕಟ್ಟಿನಲ್ಲೇ ಮಂಟಪಗಳು ದಾವಣಗೆರೆಯತ್ತ ವಾಲುತ್ತಿವೆ. ಬ್ಯಾಡಗಿ ಯಾರ ಪಾಲಿಗೆ ಬೀಳುತ್ತದೆ ಎಂದು ನೋಡಲು ಅಲ್ಲಿಯ ಇನ್ನೂರು ಪತ್ರಿಕೆಯಾದರೂ ಬೇಕು. ಸದ್ಯ ನಲವತ್ತು ಇವೆ.