ಆರು ಮಿಲಿಮೀಟರ್ ಸಾಕು: ನಾಲ್ಕು ಅಲಗು ಕೆಡಿಸಿಕೊಂಡ ನನ್ನ ಅನುಭವ

ಕಳೆದ ಮಾಘದಲ್ಲಿ ನಮ್ಮ ಹೊಲದ ಬದುವಿಗೆ ಹಬ್ಬಿದ್ದ ಬಳ್ಳಾರಿ ಜಾಲಿಯನ್ನೆಲ್ಲ, ನಾನೇ ಮಾಡಿದ ಆರು ಮಿಲಿಮೀಟರ್ ಬೆನ್ನಿನ ಒಂದೇ ಚಾಕುವಿನಿಂದ ಕಡಿದು ಮುಗಿಸಿದೆ. ಸುಮಾರು ಇಪ್ಪತ್ತು ದಿನ, ದಿನಕ್ಕೆ ಎರಡು ಮೂರು ತಾಸು. ಮೂರ್ನಾಲ್ಕು ದಿನಕ್ಕೊಮ್ಮೆ ಸಾಣೆ ಹಿಡಿದದ್ದು ಬಿಟ್ಟರೆ ಅದಕ್ಕೆ ಬೇರೆ ಉಪಚಾರ ಬೇಕಾಗಲಿಲ್ಲ. ಬಾಯಿ ಮುಕ್ಕಾಗಲಿಲ್ಲ, ಹಿಡಿ ಅಲುಗಾಡಲಿಲ್ಲ. ಹೋಟೆಲ್ ಕಟ್ಟೆಯ ಮೇಲೆ ಎರಡು ವರ್ಷ ನನ್ನನ್ನು ಆಡಿಕೊಂಡವರು ಈಗ ಅದನ್ನು ಕೈಯಲ್ಲಿ ತೂಗಿ ನೋಡಿ ಸುಮ್ಮನೆ ಹಿಂದಿರುಗಿಸುತ್ತಾರೆ. ಆ ಸುಮ್ಮನಿರುವಿಕೆಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ.

"ಜಾಲಿಗೆ ಕೊಡಲಿ ಇದೆ, ಕಬ್ಬಿಗೆ ಕೊಯಿತಾ ಇದೆ, ತೊಗರಿಗೆ ಕುಡುಗೋಲು ಇದೆ. ನಿನ್ನ ಚಾಕು ಯಾವುದಕ್ಕಪ್ಪ, ಉಳ್ಳಾಗಡ್ಡಿ ಹೆಚ್ಚುವುದಕ್ಕಾ?" ಎಂದು ಕೇಳಿದವರು ನಮ್ಮ ಕಂಬಾರ ಕಾಕಾ. ಅವರ ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. ಆದರೆ ಚಿತ್ತಾಪುರ ತಾಲ್ಲೂಕಿನ ಕಾಗಿಣಾ ನದಿ ದಂಡೆಯಲ್ಲಿ ಜಾಲಿ ಪೊದೆಯೊಳಗೆ ಇಳಿದವರಿಗೆ ಗೊತ್ತು, ಅಲ್ಲಿ ಕೊಡಲಿ ಬೀಸಲು ತೋಳು ಚಾಚುವಷ್ಟು ಜಾಗವಿರುವುದಿಲ್ಲ. ಎಡಗೈಯಲ್ಲಿ ಕೊಕ್ಕೆಕೋಲಿನಿಂದ ಟೊಂಗೆ ಎಳೆದು ಹಿಡಿದು ಬಲಗೈಯಲ್ಲಿ ಬುಡಕ್ಕೆ ಹೊಡೆಯಬೇಕು. ಕೊಯಿತಾ ಹಸಿ ಕಬ್ಬಿಗೆ ಹೇಳಿ ಮಾಡಿಸಿದ್ದು. ಮುಂಗೈ ದಪ್ಪದ ಜಾಲಿಗೆ ನಾಲ್ಕು ಏಟು ಹೊಡೆದರೆ ಅದರ ತೆಳುವಾದ ಅಲಗು ಸೊಟ್ಟಗಾಗುತ್ತದೆ. ನನಗೆ ಬೇಕಿದ್ದದ್ದು ಗಿಡ್ಡ, ದಪ್ಪ ಬೆನ್ನಿನ, ಬಾಯಿಯಿಂದ ಹಿಡಿಯ ತುದಿಯವರೆಗೆ ಒಂದೇ ಉಕ್ಕಿನ ತುಂಡು.

ಮೊದಲು ಕೊಂಡೇ ನೋಡೋಣ ಎಂದುಕೊಂಡೆ. ಆನ್‌ಲೈನ್‌ನಲ್ಲಿ ಸುಮಾರು 1,400 ರೂಪಾಯಿಗೆ ಒಂದನ್ನು ತರಿಸಿದೆ. ಬೆನ್ನಿನ ಮೇಲೆ ಗರಗಸದ ಹಲ್ಲು, ಪೊಳ್ಳು ಹಿಡಿಯೊಳಗೆ ಸೂಜಿದಾರ, ಹಿಡಿಯ ತುದಿಗೆ ದಿಕ್ಸೂಚಿ. ನಮ್ಮ ಹೊಲದಲ್ಲಿ ನಿಂತು ಉತ್ತರ ದಿಕ್ಕು ಹುಡುಕುವ ಪ್ರಸಂಗ ನನಗೆ ಇನ್ನೂ ಬಂದಿಲ್ಲ. ಮೂರನೆಯ ದಿನ ಅಲಗು ಹಿಡಿಯ ಬುಡದಲ್ಲಿ ಕಳಚಿ ಕಿವಿಯ ಪಕ್ಕದಿಂದ ಹಾರಿಹೋಯಿತು. ಬಿಚ್ಚಿ ನೋಡಿದರೆ ಹಿಡಿಯೊಳಗೆ ಹೋಗಿದ್ದ ಬಾಲ ಕಿರುಬೆರಳಿನಷ್ಟೂ ಇರಲಿಲ್ಲ. ಒಂದು ನಟ್ಟು ಬಿಗಿದು ಮುಗಿಸಿದ್ದರು. ಅಂದಿನಿಂದ ಯಾರೇ ದಪ್ಪ ಚಾಕು ತೋರಿಸಲಿ, ಅಲಗನ್ನು ನೋಡುವ ಮೊದಲು ಹಿಡಿಯ ಹಿಂಭಾಗ ನೋಡುತ್ತೇನೆ. ಎರಡು ಮರದ ಪಟ್ಟಿಗಳ ನಡುವೆ ಉಕ್ಕು ತುದಿಯವರೆಗೂ ಕಾಣಿಸಬೇಕು. ಕಾಣಿಸದಿದ್ದರೆ ಅಲ್ಲಿಗೇ ಮಾತು ಮುಗಿಯಿತು.

ಎರಡನೆಯದನ್ನು ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಯ ಸಮಯದಲ್ಲಿ ಕೊಂಡೆ, 350 ರೂಪಾಯಿ. ಎಂಟು ಮಿಲಿಮೀಟರ್ ದಪ್ಪ, ಕಪ್ಪಗೆ ಮಿರುಗುತ್ತಿತ್ತು. ದಪ್ಪ ನೋಡಿ ಮರುಳಾದೆ. ಮನೆಗೆ ತಂದು ಬಾಯಿಗೆ ಅರ ಹಾಕಿದರೆ ಬೆಣ್ಣೆ ತೆಗೆದ ಹಾಗೆ ಕಬ್ಬಿಣ ಬಂತು. ಕಾಯಿಸಿ ಅದ್ದಿ ಗಡುಸು ಮಾಡುವ ಹದವೇ ಇಲ್ಲದ ಸಾದಾ ಪಟ್ಟಿ. ಮೊದಲ ಜಾಲಿ ಗಂಟಿಗೆ ಬಾಯಿ ಮಡಚಿಕೊಂಡಿತು. ಈಗ ಅದು ನಮ್ಮ ಮನೆಯಲ್ಲಿ ತೆಂಗಿನಕಾಯಿ ಒಡೆಯುತ್ತದೆ. ಅರವನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಬೇಕು ಎಂಬ ಬುದ್ಧಿ ಆಗ ಬಂತು. ಅರ ಬಾಯಿಯ ಮೇಲೆ ಜಾರಿದರೆ ಹದವಿದೆ, ಕಚ್ಚಿದರೆ ಇಲ್ಲ. ಅಂಗಡಿಯವರು ಸಿಟ್ಟಾಗುತ್ತಾರೆ, ಆಗಲಿ.

ಮೂರನೆಯದಕ್ಕೆ ಕಂಬಾರ ಕಾಕಾನ ಬಳಿಯೇ ಹೋದೆ. ಅವರ ಗುಜರಿಯಲ್ಲಿದ್ದ, ಲಾರಿಯ ಭಾರ ಹೊರುವ ಕಮಾನು ಪಟ್ಟಿಯಿಂದ (ಸ್ಪ್ರಿಂಗ್ ಪಟ್ಟಿ) ಮಾಡಿಕೊಟ್ಟರು. ಬಡಿಯುವ ಕೈಯಲ್ಲಿ ಅವರನ್ನು ಮೀರಿಸುವವರು ನಮ್ಮ ಸುತ್ತಮುತ್ತ ಇಲ್ಲ. ಆದರೆ ಕುರ್ಪಿ ಕುಡುಗೋಲಿಗೆ ಮಾಡುವಂತೆ ಕೆಂಪಗೆ ಕಾದದ್ದನ್ನು ನೇರವಾಗಿ ತೊಟ್ಟಿಯ ನೀರಿಗೆ ಅದ್ದಿದರು. 'ಟಿಣ್' ಎಂಬ ಸದ್ದು ಇಬ್ಬರಿಗೂ ಕೇಳಿಸಿತು. "ಏನೂ ಆಗಿಲ್ಲ ತಮ್ಮಾ" ಎಂದರು ಕಾಕಾ. ಮನೆಯಲ್ಲಿ ಉಜ್ಜಿ ಬೆಳಕಿಗೆ ಹಿಡಿದರೆ ಬಾಯಿಯಿಂದ ಬೆನ್ನಿನ ಕಡೆಗೆ ಕೂದಲೆಳೆಯಷ್ಟು ಬಿರುಕು. ಕಮಾನು ಪಟ್ಟಿಯ ಉಕ್ಕು ನೀರನ್ನು ತಾಳುವುದಿಲ್ಲ, ಅದಕ್ಕೆ ಎಣ್ಣೆಯೇ ಬೇಕು. ಜೊತೆಗೆ ಇನ್ನೊಂದು ಅನುಮಾನ ಹುಟ್ಟಿತು. ವರ್ಷಗಟ್ಟಲೆ ಭಾರ ಹೊತ್ತು ಬಾಗಿ ಎದ್ದ ಹಳೆಯ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕು ಮೊದಲೇ ಇರಬಹುದಲ್ಲ? ಅಂದಿನಿಂದ ಹಳೆಯ ಪಟ್ಟಿ ಮುಟ್ಟಿಲ್ಲ. ಕಮಾನು ಕಟ್ಟುವ ಅಂಗಡಿಗಳಲ್ಲಿ ಹೊಸ ಪಟ್ಟಿಯನ್ನು ಅಳತೆಗೆ ಕತ್ತರಿಸಿ ಉಳಿದ ತುಂಡುಗಳು ಬಿದ್ದಿರುತ್ತವೆ, ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಕಲಬುರಗಿಯಲ್ಲಿ ಹುಮನಾಬಾದ್ ರಸ್ತೆಯ ಕಡೆ ನನಗೆ ಕೊಡುವವರು ಒಬ್ಬರಿದ್ದಾರೆ. ಅಂಗಡಿ ಯಾವುದೆಂದು ಹೇಳಿದರೆ ನಾಳೆ ನನಗೇ ತುಂಡು ಸಿಗುವುದಿಲ್ಲ, ಆದ್ದರಿಂದ ಹೇಳುವುದಿಲ್ಲ.

ಇಲ್ಲೇ ಒಂದು ಮಾತು. ವಾಡಿ ಜಂಕ್ಷನ್ ಹತ್ತಿರವಿರುವ ಕಾರಣ ರೈಲು ಹಳಿಯ ತುಂಡು, ಹಳಿ ಬಿಗಿಯುವ ಕ್ಲಿಪ್ಪು ತಂದುಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ಉಕ್ಕು ಒಳ್ಳೆಯದೇ. ಆದರೆ ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದೇ ಅಪರಾಧ, 1966ರಿಂದ ಅದಕ್ಕೆಂದೇ ಒಂದು ಕಾಯ್ದೆ ಇದೆ. ಇನ್ನೂರು ರೂಪಾಯಿ ಉಳಿಸಲು ಠಾಣೆ ಮೆಟ್ಟಿಲು ಹತ್ತುವ ಆಸೆ ನನಗಿಲ್ಲ.

ನಾಲ್ಕನೆಯದು ನನ್ನದೇ ಕೈಕೆಲಸ, ನನ್ನದೇ ದುರಾಸೆ. ದಪ್ಪವಿದ್ದಷ್ಟೂ ಗಟ್ಟಿ ಎಂದುಕೊಂಡು ಲಾರಿಯ ಹೊಸ ಪಟ್ಟಿಯನ್ನು ಹತ್ತು ಮಿಲಿಮೀಟರ್ ದಪ್ಪಕ್ಕೇ ಬಿಟ್ಟೆ. ತೂಕ ಒಂದು ಕಿಲೋ ದಾಟಿ ಇನ್ನೂರು ಗ್ರಾಂ ಬಂತು. ಅರ್ಧ ತಾಸಿಗೆ ಮಣಿಕಟ್ಟು ಊದಿಕೊಂಡಿತು. ಅಷ್ಟು ದಪ್ಪದ ಅಲಗು ಟೊಂಗೆಯೊಳಗೆ ಇಳಿಯುವುದೂ ಇಲ್ಲ, ಮರವನ್ನು ಜಜ್ಜಿ ಪುಟಿದು ಬರುತ್ತದೆ. ಸರಿ, ಸೌದೆ ಸೀಳಲಿಕ್ಕಾದರೂ ಆಗಲಿ ಎಂದು ಬೆನ್ನಿನ ಮೇಲೆ ಕೊಡತಿಯಿಂದ ಎರಡು ಏಟು ಹಾಕಿದೆ. ಗಾಜಿನಂತೆ ಎರಡು ತುಂಡಾಯಿತು.

ಮುರಿದದ್ದು ಒಳ್ಳೆಯದೇ ಆಯಿತು. ಮುರಿದ ಜಾಗ ಜೋಳದ ರವೆಯ ಹಾಗೆ ಹರಳು ಹರಳಾಗಿತ್ತು. ಸರಿಯಾಗಿ ಹದವಾದ ಉಕ್ಕು ಮುರಿದರೆ ಒಳಗೆ ಬೂದಿಯಷ್ಟು ನುಣುಪಾಗಿ, ಮಂಕು ಬೂದುಬಣ್ಣದಲ್ಲಿ ಕಾಣಬೇಕು. ಹರಳು ದಪ್ಪವಾಗಿದೆ ಎಂದರೆ ಅತಿಯಾಗಿ ಕಾಯಿಸಿದ್ದೇನೆ ಎಂದರ್ಥ. ಏಕೆ ಅತಿಯಾಯಿತು ಎಂದು ಒಂದು ವಾರ ತಲೆ ಕೆಡಿಸಿಕೊಂಡೆ. ಕಾರಣ ನಮ್ಮ ಬಿಸಿಲು! ಏಪ್ರಿಲ್‌ನ ನಡುಮಧ್ಯಾಹ್ನ, ತಗಡಿನ ಚಪ್ಪರದ ಕೆಳಗೆ ಕುಲುಮೆ. ಆ ಬೆಳಕಿನಲ್ಲಿ ಕೆಂಪಾದ ಉಕ್ಕೂ ಕಪ್ಪಾಗಿಯೇ ಕಾಣುತ್ತದೆ. ಕಣ್ಣಿಗೆ ಕೆಂಪು ಕಾಣುವಷ್ಟರಲ್ಲಿ ನೂರು ಡಿಗ್ರಿಯಾದರೂ ಮೇಲೆ ಹೋಗಿರುತ್ತದೆ. ಈಗ ನಸುಕಿನಲ್ಲಿ, ಹಕ್ಕಿ ಕೂಗುವ ಮೊದಲು ಕುಲುಮೆ ಹಚ್ಚುತ್ತೇನೆ. ಪಕ್ಕದಲ್ಲಿ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ತೂಗುಹಾಕಿದ್ದೇನೆ. 770 ಡಿಗ್ರಿಯ ಸುಮಾರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಾದ ಮೇಲೆ ಕೆಂಪು ಇನ್ನೊಂದು ಛಾಯೆ ಏರಲು ಬಿಟ್ಟು ಎಣ್ಣೆಗೆ ಇಳಿಸುತ್ತೇನೆ.

ಐದನೆಯದಕ್ಕೆ ಸಣ್ಣ ಗೂಡ್ಸ್ ವಾಹನದ ಪಟ್ಟಿ ತಂದೆ, ಆರು ಮಿಲಿಮೀಟರಿಗಿಂತ ಒಂದು ಕೂದಲು ಹೆಚ್ಚು. ಬೆನ್ನಿನ ದಪ್ಪ ಹಿಡಿಯ ಬಳಿ ಆರು, ಮೊನೆಯ ಕಡೆಗೆ ಇಳಿಯುತ್ತಾ ನಾಲ್ಕು. ಅಲಗಿನ ಉದ್ದ ಎಂಟೂವರೆ ಅಂಗುಲ, ಅಗಲ ಎರಡು ಅಂಗುಲದೊಳಗೆ. ಅಳತೆ ಅಷ್ಟಕ್ಕೇ ನಿಲ್ಲಿಸಿದ್ದಕ್ಕೆ ಕಾರಣವಿದೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳ ಪ್ರಸ್ತಾಪ ಬರುತ್ತದೆ. ಮನೆ, ಕೃಷಿ ಕೆಲಸಕ್ಕೆ ಮಾಡಿದವುಗಳನ್ನು ಅದರಿಂದ ಹೊರಗಿಟ್ಟಿದ್ದಾರೆ ನಿಜ. ಆದರೆ ಬಸ್ ನಿಲ್ದಾಣದಲ್ಲಿ ಆ ವಾದ ಮಾಡುತ್ತಾ ನಿಲ್ಲುವವರು ಯಾರು? ಒಯ್ಯುವಾಗ ಗೋಣಿತಟ್ಟಿನಲ್ಲಿ ಸುತ್ತಿ ಕಟ್ಟಿಯೇ ಒಯ್ಯುತ್ತೇನೆ.

ಕಡಿದ ಜಾಲಿಯದೇ ಇದ್ದಿಲು ಸುಟ್ಟುಕೊಂಡಿದ್ದರಿಂದ ಇಂಧನಕ್ಕೆ ಖರ್ಚಿಲ್ಲ. ಆಕಾರ ಬಂದ ಮೇಲೆ ಮೂರು ಸಲ ಕೆಂಪಗೆ ಕಾಯಿಸಿ, ಗಾಳಿಯಲ್ಲೇ ಆರಲು ಬಿಟ್ಟೆ. ಹರಳು ಸಣ್ಣದಾಗುವುದು ಇದರಿಂದಲೇ. ಬಾಯಿಯನ್ನು ಪೂರ್ತಿ ತೆಳುವು ಮಾಡದೆ ಒಂದೂವರೆ ಮಿಲಿಮೀಟರ್ ಉಳಿಸಿಕೊಂಡು ಹದ ಹಾಕಬೇಕು. ಮೊದಲೇ ತೆಳುವು ಮಾಡಿದರೆ ಎಣ್ಣೆಯಲ್ಲಿ ಅಲೆಯಲೆಯಾಗಿ ತಿರುಚಿಕೊಳ್ಳುತ್ತದೆ. ಗಾಡಿಯ ಸುಟ್ಟ ಆಯಿಲ್‌ನಲ್ಲಿ ಅದ್ದಿ ನೋಡಿದ್ದೆ. ಹೊಗೆಗೆ ಮನೆಯವಳು ಕುಲುಮೆಯನ್ನೇ ಊರಾಚೆ ಹಾಕು ಎಂದಳು. ಆಮೇಲೆ ಹೋದ ವರ್ಷದ ಕುಸುಬೆ ಎಣ್ಣೆ ಕಮಟು ಹಿಡಿದು ಮೂಲೆಯಲ್ಲಿತ್ತು, ಅದನ್ನು ಬಳಸಿದೆ. ಎಣ್ಣೆ ತಣ್ಣಗಿರಬಾರದು, ಕೈ ಅದ್ದಿ ತಕ್ಷಣ ತೆಗೆಯಬೇಕು ಎನಿಸುವಷ್ಟು ಬೆಚ್ಚಗಿರಬೇಕು. ಅದ್ದುವ ಮೊದಲು ಬೆನ್ನಿಗೆ ನಾನು ಹಚ್ಚುವ ಮಣ್ಣಿನ ಲೇಪವೊಂದಿದೆ. ಅದರಲ್ಲಿ ಏನೇನು ಬೀಳುತ್ತದೆ ಎಂಬುದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಎಣ್ಣೆಯಿಂದ ತೆಗೆದ ಅಲಗನ್ನು ಹಾಗೆಯೇ ಬಿಟ್ಟರೆ ಕಲ್ಲಿನ ಮೇಲೆ ಬಿದ್ದರೂ ಒಡೆಯುತ್ತದೆ. ಮತ್ತೆ ಮೆಲ್ಲಗೆ ಕಾಯಿಸಬೇಕು. ಹೀಗೆ ಕಾಯುವಾಗ ಉಜ್ಜಿದ ಉಕ್ಕಿನ ಬಣ್ಣವೇ ಬಿಸಿಯ ಅಳತೆ, ಕಾಯ್ದಷ್ಟೂ ನೀಲಿಯ ಕಡೆಗೆ ತಿರುಗುತ್ತದೆ. ಕುಲುಮೆಯಲ್ಲಿ ಮಾಡಿದಾಗಲೆಲ್ಲ ಒಂದು ಕಡೆ ನೀಲಿ, ಒಂದು ಕಡೆ ಬಿಳಿ. ಕೊನೆಗೆ ನನಗೆ ದಾರಿ ತೋರಿಸಿದ್ದು ಬೇಕರಿ. ಪರಿಚಯದ ಬೇಕರಿಯಣ್ಣನ ಭಟ್ಟಿ ಖಾರಿ ಬಿಸ್ಕತ್ತು ಬೇಯಿಸುವಾಗ 220, 230 ಡಿಗ್ರಿಯ ಸುತ್ತ ತಾಸುಗಟ್ಟಲೆ ಅಲುಗಾಡದೆ ನಿಲ್ಲುತ್ತದೆ. ಖಾರಿಯ ಸರದಿ ಮುಗಿದ ಮೇಲೆ ಎರಡು ತಾಸಿನಂತೆ ಎರಡು ಸಲ ಒಳಗಿಟ್ಟೆ. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಒಣಗಿದ ಜೋಳದ ಕಣಿಕೆಯ ಬಣ್ಣ ಒಂದೇ ಸಮನೆ ಹರಡಿತ್ತು. ನನಗೆ ಬೇಕಾದದ್ದು ಅದೇ ಬಣ್ಣ, ಬಾಯಿಗೆ. ಆಮೇಲೆ ಬಾಯಿಯನ್ನು ನೀರಿನ ತಟ್ಟೆಯಲ್ಲಿ ಮುಳುಗಿಸಿಟ್ಟು, ಬೆನ್ನಿಗೆ ಮಾತ್ರ ಗ್ಯಾಸ್ ಜ್ವಾಲೆ ಹಿಡಿದು ನೀಲಿಗೆ ತಂದೆ. ಬಾಯಿ ಗಡುಸು, ಬೆನ್ನು ಬಳುಕುವಂಥದ್ದು. ಬೇಕರಿಯಣ್ಣ ಬಾಡಿಗೆ ಕೇಳಲಿಲ್ಲ, ಒಂದು ಚಾಕು ಕೇಳಿದರು. ಕೊಟ್ಟೆ.

ಬಾಯಿ ಕಟ್ಟುವುದರಲ್ಲೇ ಎರಡು ದಿನ ಹೋಯಿತು. ಎರಡೂ ಮಗ್ಗುಲು ನೇರವಾಗಿ ಇಳಿಸಿದರೆ ಟೊಂಗೆಯಲ್ಲಿ ಸಿಕ್ಕಿಹಾಕಿಕೊಂಡು ಬರುವುದೇ ಇಲ್ಲ. ತೊಗರಿಬೇಳೆಯ ಬೆನ್ನಿನ ಹಾಗೆ ಸಣ್ಣಗೆ ಉಬ್ಬಿರಬೇಕು. ಬಾಯಿಗೆ ತೀರ ಹತ್ತಿರದಲ್ಲಿ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ ಇಟ್ಟೆ. ಲಾರಿ ಪಟ್ಟಿಯ ನಾಲ್ಕನೆಯ ಚಾಕುವಿನಲ್ಲಿ ಅದು ಎರಡೂವರೆ ಇತ್ತು, ಅದಕ್ಕೇ ಪುಟಿಯುತ್ತಿತ್ತು. ಬೆನ್ನು ದಪ್ಪವಿದ್ದರೆ ಸಾಲದು, ಆ ದಪ್ಪ ಎಲ್ಲಿ ಹೇಗೆ ಕರಗುತ್ತದೆ ಎಂಬುದರ ಮೇಲೆ ಕಡಿತ ನಿಂತಿದೆ. ಇದು ಕಾಕಾನಿಗೆ ಇಂದಿಗೂ ಒಪ್ಪಿಗೆಯಿಲ್ಲ.

ಹಿಡಿಗೆ ಕರಿಜಾಲಿ, ಹಿತ್ತಾಳೆಯ ಮೂರು ರಿವೆಟ್. ಮೊದಲು ಬೇವಿನ ಮರ ಹಾಕಿದ್ದೆ, ಬೇಸಿಗೆಗೆ ಒಣಗಿ ಬಿರುಕುಬಿಟ್ಟಿತು. ಹಿಡಿಯ ತುದಿ ಕಿರುಬೆರಳಿಗೆ ಕೊಂಡಿಯಾಗುವಂತೆ ಬಾಗಿದೆ, ಬೆವರಿದ ಕೈಯಿಂದಲೂ ಜಾರುವುದಿಲ್ಲ. ಇಲ್ಲೊಂದು ಆಕಸ್ಮಿಕ ಲಾಭವಾಯಿತು. ಹದ ಹಾಕಿದ ಮೇಲೆ ಅಲಗಿನ ಮೇಲೆ ಉಳಿದ ಕುಸುಬೆ ಎಣ್ಣೆ ನಾಲ್ಕು ದಿನದಲ್ಲಿ ಅಂಟಾಗಿ ಗಟ್ಟಿಯಾಗಿತ್ತು. ತೊಳೆಯಲು ಸಾಕುಬೇಕಾಯಿತು. ಲೋಹದ ಮೇಲೆ ಹೀಗೆ ಕೂರುವುದು ಮರದ ಮೇಲೂ ಕೂರಬಹುದಲ್ಲ ಎಂದು ಹಿಡಿಗೆ ಹಚ್ಚಿ ಬಿಸಿಲಿಗಿಟ್ಟೆ. ವಾರ್ನಿಷ್ ಹಾಕಿದ ಹಾಗಾಯಿತು. ಅಗಸೆ ಎಣ್ಣೆ ಇನ್ನೂ ಚೆನ್ನಾಗಿ ಕೂರುತ್ತದೆ ಎಂದು ಆಮೇಲೆ ತಿಳಿಯಿತು, ಈಗ ಅದನ್ನೇ ಹಚ್ಚುತ್ತೇನೆ.

ಇನ್ನೊಂದು ಪ್ರಯೋಗ ಹೇಳಲು ನಾಚಿಕೆಯಾಗುತ್ತದೆ. ಬೀದರ್‌ನ ನೆಂಟರ ಮನೆಗೆ ಹೋದಾಗ ಬಿದರಿ ಹೂಜಿಯ ಕಪ್ಪು ನೋಡಿ ನನ್ನ ಅಲಗಿಗೂ ಹಾಗೆ ಮಾಡಬೇಕೆನಿಸಿತು. ಬಿದರಿ ಕೆಲಸದವರು ಕೋಟೆಯ ಹಳೆಯ ಮಣ್ಣನ್ನು ನವಸಾಗರದ (ಕಲಾಯಿ ಹಾಕುವಾಗ ಬಳಸುವ ಉಪ್ಪು) ನೀರಿನಲ್ಲಿ ಕಲಸಿ ಹಚ್ಚುತ್ತಾರೆ. ನಾನು ಅಂಥದ್ದೇ ಒಂದು ಮಿಶ್ರಣ ಮಾಡಿ ರಾತ್ರಿ ಹಚ್ಚಿಟ್ಟೆ. ಬೆಳಗ್ಗೆ ನೋಡಿದರೆ ಅಲಗು ಪೂರ್ತಿ ಕೆಂಪು ತುಕ್ಕು! ಬಿದರಿಯ ಮೈ ಸತುವಿನದು, ಆ ಮಣ್ಣು ಕಪ್ಪು ಮಾಡುವುದು ಸತುವನ್ನು. ಉಕ್ಕಿಗೆ ನವಸಾಗರ ತಗಲಿದರೆ ತುಕ್ಕು ಗ್ಯಾರಂಟಿ. ಉಜ್ಜಿ ತೆಗೆದು ಹುಣಸೆಹುಳಿ ಹಚ್ಚಿ ಒಂದು ತಾಸು ಬಿಟ್ಟೆ, ತಣ್ಣನೆಯ ಬೂದುಬಣ್ಣ ಬಂತು. ಅದೇ ಸಾಕಾಯಿತು.

ಲೆಕ್ಕ ಹೇಳಬೇಕೆಂದರೆ, ಪಟ್ಟಿಗೆ 180 ರೂಪಾಯಿ ಇರಬೇಕು, ಗ್ರೈಂಡರ್ ಡಿಸ್ಕುಗಳಿಗೆ ಮುನ್ನೂರರ ಹತ್ತಿರ, ರಿವೆಟ್ಟು, ಮರಳುಕಾಗದ ಎಲ್ಲ ಸೇರಿ ಇನ್ನೂರು, ಕಾಕಾನ ಕುಲುಮೆಗೆ ನಾನೂರು. ಒಟ್ಟು ಸಾವಿರದ ಆಸುಪಾಸು. ಅದಕ್ಕೆ ಮೊದಲು ಕೆಡಿಸಿದ್ದು ಮೂರೂವರೆ ಸಾವಿರಕ್ಕೆ ಕಡಿಮೆಯಿಲ್ಲ, ಕೂಲಿ ಬಿಟ್ಟು. ತೂಕ 600 ಗ್ರಾಂ.

ಬದುವಿನ ಕೆಲಸದ ಹತ್ತನೆಯ ದಿನ ಏಟು ತಪ್ಪಿ ಶಹಾಬಾದ್ ಪರಸಿ ಕಲ್ಲಿನ ಅಂಚಿಗೆ ಜೋರಾಗಿ ಬಡಿಯಿತು. ಎದೆ ಧಸಕ್ಕೆಂದಿತು. ಬಾಯಿ ಅಕ್ಕಿಕಾಳಿನಷ್ಟು ಜಾಗದಲ್ಲಿ ಒತ್ತಿಕೊಂಡಿತ್ತು ಅಷ್ಟೇ, ಚೂರು ಹಾರಿರಲಿಲ್ಲ. ಹದಿನೈದು ನಿಮಿಷ ಸಾಣೆಗೆ ಕೊಟ್ಟರೆ ಹೋಯಿತು. ಆ ಸಂಜೆ ಅದನ್ನು ಕಾಕಾನ ಮುಂದಿಟ್ಟೆ. ಅವರು ಉಗುರಿನಿಂದ ಬಾಯಿ ತಟ್ಟಿ ಸದ್ದು ಕೇಳಿದರು, ಬೆನ್ನು ನೋಡಿದರು, ಹಿಡಿ ನೋಡಿದರು. "ಎಣ್ಣೆಯಲ್ಲಿ ಅದ್ದಿದ್ದೀಯಾ?" ಎಂದರು. ಹೌದು ಎಂದೆ. "ಮತ್ತೆ ಬೆನ್ನಿಗೆ ಏನು ಹಚ್ಚಿದ್ದೆ?"

ಮಣ್ಣು ಎಂದೆ. ಯಾವ ಮಣ್ಣು ಎಂದು ಇವತ್ತಿನವರೆಗೂ ಕೇಳುತ್ತಲೇ ಇದ್ದಾರೆ.