ಟ್ರೇಲರ್ ಬಿರುಕು ಕಲಿಸಿದ ಫೈನೈಟ್ ಎಲಿಮೆಂಟ್

ದಾವಣಗೆರೆಯ ಹರಿಹರ ರಸ್ತೆಯ ಒಂದು ಶೆಡ್ಡಿನಲ್ಲಿ ನಾವು ನಾಲ್ಕು ಗಾಲಿಯ ಟ್ರ್ಯಾಕ್ಟರ್ ಟ್ರೇಲರ್ ಮಾಡುತ್ತೇವೆ. ಮೆಕ್ಕೆಜೋಳದ ಸುಗ್ಗಿ ಶುರುವಾದರೆ ಹೊಸ ಕೆಲಸಕ್ಕಿಂತ ರಿಪೇರಿಯೇ ಜಾಸ್ತಿ. ಒಂದು ವರ್ಷ ನಮ್ಮದೇ ಮೂರು ಟ್ರೇಲರ್‌ಗಳು ಒಂದೇ ಜಾಗದಲ್ಲಿ ಬಿರುಕು ಬಿಟ್ಟು ವಾಪಸ್ ಬಂದವು. ಚಾನೆಲ್ ಅಂದರೆ ಮೂರು ಕಡೆ ಮುಚ್ಚಿ ಒಂದು ಕಡೆ ತೆರೆದ ಉಕ್ಕಿನ ತೊಲೆ. ಉದ್ದದ ಚಾನೆಲ್‌ಗೆ ಅಡ್ಡ ಚಾನೆಲ್ ಸೇರುವ ಮೂಲೆ, ಅಲ್ಲಿ ಬಲಕ್ಕೆಂದು ಹೊಡೆದ ಗಸೆಟ್ ಎಂಬ ಪಟ್ಟಿಯ ತುದಿ. "ಇನ್ನೊಂದು ಪಟ್ಟಿ ಹೊಡ್ದು ಕಳಿಸೋಣ ಬಿಡಪ್ಪ" ಅಂದರು ವೆಲ್ಡಿಂಗ್ ಮೇಸ್ತ್ರಿ. ಹೊಡೆದೆವು. ಎರಡು ತಿಂಗಳಿಗೆ ಆ ಹೊಸ ಪಟ್ಟಿಯ ತುದಿಯಲ್ಲೇ ಬಿರುಕು.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ವಸ್ತುವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಅದು ಭಾರ ತಡೆಯುತ್ತದಾ ಅಂತ ಲೆಕ್ಕ ಮಾಡುವ ಫೈನೈಟ್ ಎಲಿಮೆಂಟ್ ವಿಧಾನದ ಹೆಸರು ಕೇಳಿದ್ದೆ, ಅಷ್ಟೇ. ಫ್ರೀ ಆಗಿ ಸಿಗುವ ಪ್ರಿಪೊಮ್ಯಾಕ್ಸ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡೆ. ಅದರ ಒಳಗೆ ಲೆಕ್ಕ ಮಾಡುವುದು ಕ್ಯಾಲ್ಕುಲಿಕ್ಸ್. ಅದೂ ಫ್ರೀ. ಎರಡು ವಾರ ಯೂಟ್ಯೂಬ್ ನೋಡಿಕೊಂಡು ನಮ್ಮ ಟ್ರೇಲರ್ ಚಾಸಿಸ್ ಬಿಡಿಸಿದೆ, ಮೆಶ್ ಮಾಡಿದೆ, ಅಂದರೆ ಸಣ್ಣ ತುಂಡುಗಳ ಬಲೆಯಾಗಿ ಒಡೆದೆ, ಲೋಡ್ ಹಾಕಿದೆ, ರನ್ ಕೊಟ್ಟೆ. ಚಂದದ ಬಣ್ಣದ ಚಿತ್ರ ಬಂತು. ಇಡೀ ಚಾಸಿಸ್ ನೀಲಿ, ಅಂದರೆ ಸ್ಟ್ರೆಸ್ ಕಡಿಮೆ. ಎಲ್ಲಕ್ಕಿಂತ ಜಾಸ್ತಿ ಇದ್ದ ಸ್ಟ್ರೆಸ್ 38 ಎಂಪಿಎ, ಅಂದರೆ ಒಂದು ಚದರ ಮಿಲಿಮೀಟರ್ ಉಕ್ಕಿನ ಮೇಲೆ 38 ನ್ಯೂಟನ್ ಬಲ. ನಾವು ಬಳಸುವ ಇ250 ಉಕ್ಕು ಬಾಗಿ ಹಾಗೇ ಉಳಿಯಬೇಕಾದರೆ 250 ಬೇಕು. ಅಂದರೆ ಕಂಪ್ಯೂಟರ್ ಪ್ರಕಾರ ಈ ಟ್ರೇಲರ್‌ಗೆ ಏನೂ ಆಗುವ ಹಾಗಿಲ್ಲ. ಅದೇ ಟ್ರೇಲರ್ ಬಿರುಕು ಬಿಟ್ಟುಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿತ್ತು.

ನನ್ನ ಚಿಕ್ಕಪ್ಪನ ಮಗಳು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಅವಳ ಮನೆಗೆ ಹೋದೆ. ಹೋಗುವಾಗ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡಿದ್ದೆ. ಅವಳು ಬಣ್ಣದ ಚಿತ್ರ ನೋಡಿ ನಕ್ಕಳು. "ಅಣ್ಣ, ಮೊದ್ಲು ಅದನ್ನ ಮುಚ್ಚು. ಪೆನ್ ಕೊಡು" ಅಂದಳು. ಮಿರ್ಚಿ ಕಟ್ಟಿದ್ದ ಪೇಪರಿನ ಎಣ್ಣೆ ಹತ್ತದ ಮೂಲೆಯಲ್ಲಿ ಒಂದು ಪಟ್ಟಿ ಬರೆದಳು. ಮೇಲಿನ ಅರ್ಧ ಅಗಲ, ಕೆಳಗಿನ ಅರ್ಧ ಸಣ್ಣ. ಮೇಲಿನ ತುದಿ ಸೂರಿಗೆ ಕಚ್ಚಿದೆ, ಕೆಳಗಿನ ತುದಿಗೆ 12,000 ನ್ಯೂಟನ್ ಭಾರ ತೂಗಿದೆ. ಹೆಚ್ಚು ಕಡಿಮೆ 12 ಕ್ವಿಂಟಾಲ್.

ಮೇಲಿನ ತುಂಡು 600 ಚದರ ಮಿಲಿಮೀಟರ್, ಕೆಳಗಿನದು 300. ಎರಡೂ 500 ಮಿಲಿಮೀಟರ್ ಉದ್ದ. ಉಕ್ಕಿನ ಬಿಗುವು, ಅಂದರೆ ಎಳೆದರೆ ಹಿಗ್ಗದೆ ತಡೆಯುವ ಗುಣ, 2 ಲಕ್ಷ ಎಂಪಿಎ. "ಪ್ರತಿ ತುಂಡೂ ಒಂದು ಸ್ಪ್ರಿಂಗ್ ಅಂದ್ಕೋ" ಅಂದಳು. ಸ್ಪ್ರಿಂಗ್ ಎಷ್ಟು ಗಟ್ಟಿ ಅಂತ ತಿಳಿಯಲು ಅಡ್ಡಕೊಯ್ತದ ವಿಸ್ತೀರ್ಣವನ್ನು ಬಿಗುವಿನಿಂದ ಗುಣಿಸಿ ಉದ್ದದಿಂದ ಭಾಗಿಸಬೇಕು. ಮೇಲಿನದು ಮಿಲಿಮೀಟರಿಗೆ 2,40,000 ನ್ಯೂಟನ್. ಕೆಳಗಿನದು 1,20,000. ಮೂರು ಚುಕ್ಕೆ: ಮೇಲೊಂದು, ನಡುವೆ ಒಂದು, ಕೆಳಗೊಂದು. ಇವೇ ನೋಡ್‌ಗಳು. ಯಾವ ನೋಡ್ ಎಷ್ಟು ಸರಿಯಿತು ಅನ್ನುವುದನ್ನೇ ಕಂಪ್ಯೂಟರ್ ಮೊದಲು ಕಂಡುಹಿಡಿಯುವುದು. ಮಿಕ್ಕಿದ್ದೆಲ್ಲ ಅದರಿಂದ. ಕನ್ನಡದವರಿಗೆ ಈ ಹೆಸರು ಮರೆಯುವುದೇ ಇಲ್ಲ ಬಿಡಿ, ನೋಡಬೇಕಾದ ಜಾಗವೇ ನೋಡ್.

ಆಮೇಲೆ ಎರಡೂ ಸ್ಪ್ರಿಂಗನ್ನು ಒಂದು ಕೋಷ್ಟಕದಲ್ಲಿ ಸೇರಿಸಿದಳು. ಸಾವಿರದ ಲೆಕ್ಕದಲ್ಲಿ ಮೊದಲ ಸಾಲು 240, −240, 0. ಎರಡನೆಯದು −240, 360, −120. ಮೂರನೆಯದು 0, −120, 120. ನಡುವಿನ ನೋಡ್‌ಗೆ ಎರಡೂ ಸ್ಪ್ರಿಂಗ್ ತಾಗಿವೆ, ಅದಕ್ಕೇ ಅಲ್ಲಿ 240ಕ್ಕೆ 120 ಕೂಡಿ 360. ಇದೇ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್. "ಈಗ ಇದರ ಡಿಟರ್ಮಿನೆಂಟ್ ತೆಗಿ" ಅಂದಳು. ತೆಗೆದೆ. ಸೊನ್ನೆ ಬಂತು. ತಪ್ಪಾಯಿತು ಅಂತ ಮತ್ತೆ ತೆಗೆದೆ, ಮತ್ತೆ ಸೊನ್ನೆ. "ಸೊನ್ನೆನೇ ಬರ್ಬೇಕು. ಸೊನ್ನೆ ಅಂದ್ರೆ ಒಂದೇ ಖಚಿತ ಉತ್ತರ ಇಲ್ಲ ಅಂತ. ಪಟ್ಟಿನ ಸೂರಿಗೆ ಕಚ್ಚಿದೀವಿ ಅಂತ ಲೆಕ್ಕಕ್ಕೆ ಇನ್ನೂ ಹೇಳೇ ಇಲ್ವಲ್ಲ. ಅದು ಗಾಳಿಯಲ್ಲಿದೆ. ಎಳೆದ್ರೆ ಎಷ್ಟು ದೂರ ಬೇಕಾದ್ರೂ ಹೋಗುತ್ತೆ."

ಮೇಲಿನ ನೋಡ್ ಸರಿಯುವುದು ಸೊನ್ನೆ ಅಂತ ಹಾಕಿ ಮೊದಲ ಸಾಲು, ಮೊದಲ ಕಂಬ ಹೊಡೆದು ಹಾಕಿದಳು. ಉಳಿದದ್ದು ಎರಡು ಸಮೀಕರಣ, ಹೈಸ್ಕೂಲ್ ಲೆಕ್ಕ. ನಡುವಿನ ನೋಡ್ 0.05 ಮಿಲಿಮೀಟರ್ ಇಳಿಯುತ್ತದೆ, ಕೆಳಗಿನದು 0.15. ಸ್ಟ್ರೆಸ್ ಮೇಲೆ 20 ಎಂಪಿಎ, ಕೆಳಗೆ 40. ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದರೂ ಅಷ್ಟೇ. ಎರಡು ವಾರದ ಯೂಟ್ಯೂಬಿನಲ್ಲಿ ಸಿಗದೇ ಇದ್ದದ್ದು ಆ ಎಣ್ಣೆ ಪೇಪರಿನಲ್ಲಿ ಸಿಕ್ಕಿತು. ಕಂಪ್ಯೂಟರ್ ಮಾಡುವುದು ಇದನ್ನೇ, ಮೂರು ನೋಡ್ ಬದಲು ಮೂರು ಲಕ್ಷ ನೋಡ್ ಇಟ್ಟುಕೊಂಡು.

ಇದನ್ನು ಕಂಡುಕೊಂಡವರು ವಿಮಾನದವರಂತೆ. ಬೋಯಿಂಗ್ ಕೆಲಸದ ಸುತ್ತ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು 1956ರಲ್ಲಿ ರೆಕ್ಕೆಯ ತಗಡನ್ನು ಇಂಥ ತುಂಡುಗಳಾಗಿ ಒಡೆದು ಲೆಕ್ಕ ಮಾಡುವುದನ್ನು ಪ್ರಕಟಿಸಿದರು. ಫೈನೈಟ್ ಎಲಿಮೆಂಟ್ ಅಂತ ಹೆಸರಿಟ್ಟವರು ಕ್ಲಫ್, 1960ರಲ್ಲಿ. ಅದು ನಮ್ಮ ಜೋಳದ ಟ್ರೇಲರ್ ತನಕ ಬಂದಿದೆ.

ಮಾರನೇ ದಿನದಿಂದ ಟ್ರೇಲರ್ ಪಕ್ಕಕ್ಕಿಟ್ಟೆ. 50 ಮಿಲಿಮೀಟರ್ ಅಗಲ, 12 ದಪ್ಪದ ಒಂದು ಫ್ಲಾಟ್ ಪಟ್ಟಿ ತೆಗೆದುಕೊಂಡೆ. ಒಂದು ಮೀಟರ್ ಅಂತರದಲ್ಲಿ ಎರಡು ಆಂಗಲ್ ತುಂಡು ನಿಲ್ಲಿಸಿ, ಅದರ ಮೇಲೆ ಪಟ್ಟಿ ಮಲಗಿಸಿ, ನಡುವೆ ಹತ್ತು ಕೆಜಿಯ ಎರಡು ತೂಕದ ಕಲ್ಲು ಇಟ್ಟೆ. ಕೆಳಗೆ ಬಾಗು ಅಳೆಯುವ ಡಯಲ್ ಗೇಜ್. ಕಾಗದದ ಲೆಕ್ಕ 2.84 ಮಿಲಿಮೀಟರ್ ಬಾಗು ಅಂದಿತು. ಸಾಫ್ಟ್‌ವೇರ್ 2.8. ಗೇಜ್ 3.0 ತೋರಿಸಿತು. ಮೇಸ್ತ್ರಿ ಬಗ್ಗಿ ಗೇಜ್ ನೋಡಿ, "ಇಷ್ಟಕ್ಕೆ ಕಂಪ್ಯೂಟರ್ ಯಾಕಪ್ಪ ಬೇಕು" ಅಂದರು. ಇಷ್ಟಕ್ಕೆ ಬೇಡ, ನಿಜ. ಇಷ್ಟು ಸರಿ ಬಂದರೆ ಮುಂದಿನದನ್ನು ನಂಬಬಹುದು ಅಂತ ಮಾಡಿದ್ದು.

ನಂಬುವುದಕ್ಕೆ ಮುಂಚೆ ಇನ್ನೊಂದು ಏಟು ಬಿತ್ತು. ಗೋಡೆಗೆ ಕಚ್ಚಿದ ಒಂದು ಮೀಟರ್ ಉದ್ದದ ಪಟ್ಟಿ, 100 ಎತ್ತರ, 10 ದಪ್ಪ, ತುದಿಯಲ್ಲಿ 1,000 ನ್ಯೂಟನ್. ಕಾಗದದಲ್ಲಿ ಸರಿಯಾಗಿ 2 ಮಿಲಿಮೀಟರ್ ಬಾಗಬೇಕು. ದೊಡ್ಡ ದೊಡ್ಡ ಸಾದಾ ತ್ರಿಕೋನಗಳ ಮೆಶ್ ಹಾಕಿದೆ. ಒಂದು ಮಿಲಿಮೀಟರ್ ಕೂಡ ಬಾಗಲಿಲ್ಲ. ಮೂರು ಮೂಲೆಯಲ್ಲಿ ಮಾತ್ರ ನೋಡ್ ಇರುವ ತ್ರಿಕೋನದ ಒಳಗೆಲ್ಲ ಒಂದೇ ಸ್ಟ್ರೆಸ್. ಬಾಗುವ ಪಟ್ಟಿಯಲ್ಲಿ ಮೇಲೆ ಎಳೆತ, ಕೆಳಗೆ ಒತ್ತು. ಒಂದೇ ತ್ರಿಕೋನ ಎರಡನ್ನೂ ಹೇಗೆ ತೋರಿಸೀತು? ಅದು ಬಾಗಲು ಆಗದೆ ಗಟ್ಟಿಯಾಗಿ ಕೂತುಬಿಡುತ್ತದೆ. ಅಂಚುಗಳ ನಡುವೆಯೂ ನೋಡ್ ಇರುವ ಸೆಕೆಂಡ್ ಆರ್ಡರ್ ತ್ರಿಕೋನಕ್ಕೆ ಬದಲಾಯಿಸಿದೆ. ಅಷ್ಟೇ ದೊಡ್ಡ ತುಂಡುಗಳಲ್ಲೂ 2ರ ಹತ್ತಿರ ಬಂತು. ಸಾದಾ ತುಂಡು ಸಾಫ್ಟ್‌ವೇರಿನಲ್ಲಿ ಬೇಗ ಓಡುತ್ತದೆ ಅಂತ ಆಸೆಪಟ್ಟರೆ ಹೀಗೆ ಆಗುತ್ತದೆ.

ಯೂನಿಟ್ ಬಗ್ಗೆ ಒಂದೇ ಮಾತು. ಮಿಲಿಮೀಟರ್, ನ್ಯೂಟನ್ ಹಿಡಿದರೆ ಉಕ್ಕಿನ ಸಾಂದ್ರತೆ ಘನ ಮೀಟರಿಗೆ ಕೆಜಿ ಲೆಕ್ಕದ 7850 ಅಲ್ಲ, 0.00000000785. ಘನ ಮಿಲಿಮೀಟರಿಗೆ ಇಷ್ಟು ಟನ್. ನಾನು 7850 ಹಾಕಿ, ಟ್ರೇಲರ್ ತನ್ನ ತೂಕಕ್ಕೇ ಪಾತಾಳಕ್ಕೆ ಇಳಿಯುವುದನ್ನು ನೋಡಿದ್ದೇನೆ.

ಮತ್ತೆ ಟ್ರೇಲರ್‌ಗೆ ಬಂದೆ. ಈಗ ನನ್ನ ಮೊದಲ ಮಾಡೆಲ್ ನೋಡಿದರೆ ನಾಚಿಕೆಯಾಯಿತು. ನಾಲ್ಕೂ ಗಾಲಿಯ ಜಾಗದಲ್ಲಿ ಚಾನೆಲ್‌ನ ಕೆಳಭಾಗವನ್ನು ಎಲ್ಲ ದಿಕ್ಕಿನಲ್ಲೂ ಕಚ್ಚಿಬಿಟ್ಟಿದ್ದೆ. ಅದು ಟ್ರೇಲರ್ ಅಲ್ಲ, ಕಾಂಕ್ರೀಟಿನಲ್ಲಿ ಹೂತ ಕಟ್ಟೆ. ಆದರೆ ಅದನ್ನು ಸಡಿಲ ಮಾಡಿದರೂ ಆ ಮೂಲೆಯಲ್ಲಿ ಸ್ಟ್ರೆಸ್ ಅಷ್ಟೇನೂ ಏರಲಿಲ್ಲ.

ಉತ್ತರ ಕೊಟ್ಟವರು ಬಿರುಕಿನ ಟ್ರೇಲರ್ ತಂದಿದ್ದ ಗೌಡ್ರು. "ಗೌಡ್ರೇ, ಎಷ್ಟು ಲೋಡ್ ಹಾಕ್ತಿದ್ರಿ?" ಅಂತ ಕೇಳಿದ್ದಕ್ಕೆ ಅವರಿಗೆ ಸಿಟ್ಟು ಬಂತು. "ಲೋಡ್ ಮಾತಲ್ರೀ ಅದು. ನಮ್ಮ ಹೊಲದಿಂದ ಹೊರಗೆ ಬರ್ಬೇಕಾದ್ರೆ ಭದ್ರಾ ಕಾಲುವೆ ಏರಿ ಹತ್ತಬೇಕು. ಓರೆಯಾಗಿ ಹತ್ತೋದು. ಒಂದು ಗಾಲಿ ಮೇಲೆ, ಒಂದು ಕೆಳಗೆ. ಆವಾಗ ಕಿರ್ ಅಂತ ಅಳುತ್ತೆ ನೋಡ್ರಿ." ನಾನು ಇಷ್ಟು ದಿನ ಟ್ರೇಲರನ್ನು ಶೆಡ್ಡಿನ ಸಮತಟ್ಟು ನೆಲದ ಮೇಲೆ ನಿಲ್ಲಿಸಿ ಲೆಕ್ಕ ಮಾಡಿದ್ದೆ.

ಒಂದು ಗಾಲಿಯನ್ನು 50 ಮಿಲಿಮೀಟರ್ ಕೆಳಗಿಳಿಸಿ ಓಡಿಸಿದೆ. ಸ್ಟ್ರೆಸ್ ಹಾರಿತು. ಖುಷಿಯಾಗಿ ರಿಯಾಕ್ಷನ್ ಫೋರ್ಸ್, ಅಂದರೆ ನೆಲ ಗಾಲಿಗೆ ಕೊಡುವ ಬಲ, ನೋಡಿದರೆ, ಆ ಗಾಲಿಯನ್ನು ನೆಲ ಕೆಳಕ್ಕೆ ಎಳೆದು ಹಿಡಿದಿತ್ತು. ನೆಲಕ್ಕೆ ತಳ್ಳಲು ಬರುತ್ತದೆ, ಎಳೆಯಲು ಬರುತ್ತದಾ? ಆ ಗಾಲಿಯ ಆಸರೆಯನ್ನೇ ತೆಗೆದೆ. ಆಗ ಭಾರವೆಲ್ಲ ಅದರ ಅಕ್ಕಪಕ್ಕದ ಎರಡು ಮೂಲೆಗಳಿಗೆ ಹೋಯಿತು, ಚಾಸಿಸ್ ಹಗ್ಗದ ಮಂಚದ ಹಾಗೆ ತಿರುಚಿಕೊಂಡಿತು. ಚಾನೆಲ್ ಒಂದು ಕಡೆ ತೆರೆದ ಆಕಾರ, ತಿರುಚಿಗೆ ತುಂಬ ಮೆತ್ತಗೆ. ಗಸೆಟ್ ತುದಿ ಕೆಂಪಾಯಿತು. 190 ಎಂಪಿಎ. ಮೂರು ಟ್ರೇಲರ್ ಬಿರುಕು ಬಿಟ್ಟ ಅದೇ ಜಾಗ.

ಆ 190ನ್ನು ನಂಬಬಾರದು ಅಂತ ಆಮೇಲೆ ಗೊತ್ತಾಯಿತು. ಮೆಶ್ 20 ಮಿಲಿಮೀಟರಿನಿಂದ 10ಕ್ಕೆ ಇಳಿಸಿದರೆ 240. 5ಕ್ಕೆ ಇಳಿಸಿದರೆ 330. ಬಾಗು ಮಾತ್ರ ಮೂರಕ್ಕೂ ಒಂದೇ. ತಂಗಿಗೆ ಫೋನ್ ಮಾಡಿದೆ. ಒಳಮೂಲೆ ಚೂಪಾಗಿದ್ದರೆ ಅಲ್ಲಿ ಥಿಯರಿ ಪ್ರಕಾರ ಸ್ಟ್ರೆಸ್‌ಗೆ ಮಿತಿಯೇ ಇಲ್ಲ, ಮೆಶ್ ಸಣ್ಣ ಮಾಡಿದಷ್ಟೂ ಏರುತ್ತಲೇ ಹೋಗುತ್ತದೆ ಅಂದಳು. ವೆಲ್ಡಿಂಗ್‌ನವರು ಆ ಮೂಲೆಯ ಅಂಕಿ ಬಿಟ್ಟು, ಪ್ಲೇಟ್ ದಪ್ಪದ 0.4 ಪಟ್ಟು ಮತ್ತು ಒಂದು ಪಟ್ಟು ದೂರದಲ್ಲಿ ಸ್ಟ್ರೆಸ್ ಓದಿ, ಎರಡರ ಮೇಲೆ ಗೆರೆ ಎಳೆದು ವೆಲ್ಡ್ ಅಂಚಿಗೆ ತರುತ್ತಾರಂತೆ. ಹಾಗೇ ಮಾಡಿದೆ. ಹಳೆ ಗಸೆಟ್, ಹೊಸ ಗಸೆಟ್ ಎರಡಕ್ಕೂ ಒಂದೇ ರೀತಿ ಓದಿ ಹೋಲಿಸಿದೆ. ಚೌಕಾಗಿ ಮುಗಿಯುತ್ತಿದ್ದ ತುದಿಯನ್ನು ಉದ್ದಕ್ಕೆ ಇಳಿಜಾರು ಮಾಡಿ, ಚಾನೆಲ್ ಅಂಚಿಗೆ ಅಡ್ಡ ವೆಲ್ಡ್ ಹೋಗದ ಹಾಗೆ ಹಿಂದಕ್ಕೆ ಸರಿಸಿದಾಗ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಇಳಿಯಿತು. ಪಟ್ಟಿಯ ತೂಕ ಅಷ್ಟೇ.

ಮೇಸ್ತ್ರಿ ಹೊಸ ಆಕಾರದ ರಟ್ಟಿನ ಅಚ್ಚು ನೋಡಿ, "ಮೀನಿನ ಬಾಲ ಇದ್ದಂಗಿದೆ" ಅಂದು ಗ್ಯಾಸ್ ಕಟರ್ ಹಚ್ಚಿದರು.

ಹೊಸ ಗಸೆಟ್ ಹೊಡೆದ ಟ್ರೇಲರ್ ಎರಡು ಸುಗ್ಗಿ ಓಡಿತು. ಹೋದ ತಿಂಗಳು ಗೌಡ್ರು ಮತ್ತೆ ತಂದು ನಿಲ್ಲಿಸಿದರು. ನಾನು ಓಡಿಹೋಗಿ ಮೊದಲು ಆ ಮೂಲೆಗೆ ಬ್ಯಾಟರಿ ಬಿಟ್ಟೆ. ಪೇಂಟ್ ಕೂಡ ಸೀಳಿರಲಿಲ್ಲ. "ಅಲ್ಲಲ್ರೀ, ಹಿಂದೆ ಬರ್ರಿ" ಅಂದರು. ಹಿಂಬಾಗಿಲಿನ ಹಿಂಜು ಕಿತ್ತು ಬಂದಿತ್ತು. ಮೆಶ್ ಜಾಸ್ತಿ ಆಗುತ್ತದೆ ಅಂತ ನಾನು ಮಾಡೆಲ್‌ನಿಂದ ಅಳಿಸಿ ಹಾಕಿದ್ದ ಹಿಂಜು.